ಬಿಸಿಲು ಆಯ್ತಾ?

ಆ ಬೀದಿಯಲ್ಲಿ ಯಾರ ಮಗು ಕೆಮ್ಮಿದರೂ ಔಷಧ ಹೇಳುವವರಿಗೆ ಬರವಿಲ್ಲ. ಚಪ್ಪಲಿ ರಿಪೇರಿಯವನು ಬಿಸಿನೀರು ಕುಡಿಸಿ ಎನ್ನುತ್ತಾನೆ. ಇಸ್ತ್ರಿ ಅಂಗಡಿಯಾಕೆ ತಲೆಗೆ ಸ್ನಾನ ಬೇಡ ಎನ್ನುತ್ತಾಳೆ. ಬಸ್ಸಿಗೆ ಕಾದು ನಿಂತ ಗುರುತಿಲ್ಲದವರೂ ನಿಂತಲ್ಲಿಂದಲೇ ಒಂದು ಸಲಹೆ ಕೊಟ್ಟು ಬಸ್ಸು ಹತ್ತಿ ಹೋಗುತ್ತಾರೆ. ಗಾಜಿನಂಗಡಿಯ ಮನೆಯವರಿಗೆ ಇದನ್ನೆಲ್ಲ ಕೇಳಿ ಕೇಳಿ ಸಾಕಾಗಿತ್ತು. ಅವರ ಒಂಬತ್ತು ವರ್ಷದ ಮಗಳು ಹುಟ್ಟಿದ ವರ್ಷದಿಂದಲೂ ಕೆಮ್ಮುತ್ತಿದ್ದಳು.

ಆ ಹುಡುಗಿಗೆ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿತ್ತು. ಬೀದಿಗೆಲ್ಲ ಅವಳು ಬೆರ್ಕಿ, ಅಂದರೆ ಬಲು ಚಾಲಾಕಿ. ಮೂರು ವರ್ಷಕ್ಕೇ ದೊಡ್ಡವರ ಮಾತಿನಲ್ಲಿ ತಪ್ಪು ಹುಡುಕುತ್ತಿದ್ದಳು, ಅದಕ್ಕೇ ಆ ಹೆಸರು. ಅವಳ ಅಪ್ಪ ಕಿಟಕಿಗೆ, ಕಪಾಟಿಗೆ, ಅಂಗಡಿಗಳ ಮುಂಭಾಗಕ್ಕೆ ಗಾಜು ಕೊಯ್ದು ಕೂರಿಸುವವನು. ಅವನನ್ನು ಎಲ್ಲರೂ ಗಾಜಣ್ಣ ಎನ್ನುತ್ತಿದ್ದರು. ಅಮ್ಮನಿಗೆ ಬೇಕರಿಯಲ್ಲಿ ಕೆಲಸ. ಬೆಳಗಿನ ಐದಕ್ಕೆ ಹೋದರೆ ಮಧ್ಯಾಹ್ನ ಒಂದಕ್ಕೆ ಕೈತುಂಬ ಹಿಟ್ಟಿನ ವಾಸನೆ ಹೊತ್ತು ಬರುತ್ತಿದ್ದಳು.

ಬೆರ್ಕಿಗೆ ಇದ್ದದ್ದು ಬರೀ ಕೆಮ್ಮಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಅಪ್ಪ ಅಮ್ಮ ಮಾಡಿದ ತಪ್ಪಿನಿಂದಲೂ ಬರುವುದಿಲ್ಲ. ಈ ಮಕ್ಕಳ ಎದೆಯಲ್ಲಿ ಕಫ ಗೋಂದಿನಂತೆ ಗಟ್ಟಿಯಾಗಿ ನಿಲ್ಲುತ್ತದೆ, ನಿಂತಲ್ಲಿ ಸೋಂಕು ಬೆಳೆಯುತ್ತದೆ. ಅದೇ ಗೋಂದು ಹೊಟ್ಟೆಯೊಳಗಿನ ಸಣ್ಣ ನಾಳಗಳನ್ನೂ ಕಟ್ಟುತ್ತದೆ. ಆಗ ಊಟದಲ್ಲಿರುವ ಎಣ್ಣೆ, ಬೆಣ್ಣೆಯಂಥ ಜಿಡ್ಡು ಜೀರ್ಣವಾಗುವುದಿಲ್ಲ. ಜಿಡ್ಡಿನ ಜೊತೆಗೆ ಮಾತ್ರ ಮೈಗೆ ಸೇರುವ ಕೆಲವು ವಿಟಮಿನ್‌ಗಳಿವೆ, ಅವೂ ಹಾಗೇ ಹೊರಗೆ ಹೋಗಿಬಿಡುತ್ತವೆ. ವಿಟಮಿನ್ ಡಿ ಅವುಗಳಲ್ಲಿ ಒಂದು.

ಆದ್ದರಿಂದ ಬೆರ್ಕಿಗೆ ದಿನವೂ ಒಂದಿಷ್ಟು ಕೆಲಸಗಳಿದ್ದವು. ಎರಡು ಹೊತ್ತು ಹಬೆಯ ಔಷಧ ಎಳೆದುಕೊಂಡು, ಬೆನ್ನು ತಟ್ಟಿಸಿಕೊಂಡು ಕಫ ತೆಗೆಯಬೇಕು. ಪ್ರತಿ ಊಟದ ಮೊದಲ ತುತ್ತಿಗೆ ಜೀರ್ಣದ ಗುಳಿಗೆ ನುಂಗಬೇಕು. ಬೆಳಗಿನ ತಿಂಡಿಯ ಜೊತೆ ವಿಟಮಿನ್ ಡಿ ಗುಳಿಗೆ. ಆಸ್ಪತ್ರೆಯ ಎದೆ ವಿಭಾಗದ ಸಿಸ್ಟರ್ ಇವಕ್ಕೆ ನೆನಪಿಟ್ಟುಕೊಳ್ಳಲು ಸುಲಭದ ಹೆಸರು ಇಟ್ಟಿದ್ದಳು. ಜೀರ್ಣದ್ದು ಊಟದ ಗುಳಿಗೆ. ವಿಟಮಿನ್ ಡಿ ಬಿಸಿಲಿನ ಗುಳಿಗೆ. ಮಕ್ಕಳಿಗೆ ಹೇಳಲು ಚೆನ್ನಾಗಿದೆ ಎಂದು ಅವಳಿಗೆ ಅನ್ನಿಸಿತ್ತು. ಆ ಹೆಸರು ಮುಂದೆ ಏನು ಮಾಡಿತು ಎಂಬುದೇ ಈ ಕಥೆ.

ಒಂದು ವರ್ಷದಲ್ಲಿ ಎರಡು ಸಲ ಬೆರ್ಕಿಯ ಎದೆಗೆ ಸೋಂಕು ತಗುಲಿತು. ಎರಡನೆಯ ಸಲ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ಪ್ರತಿ ಸೋಂಕೂ ಶ್ವಾಸಕೋಶದಲ್ಲಿ ಸ್ವಲ್ಪ ಗಾಯ ಬಿಟ್ಟು ಹೋಗುತ್ತದೆ, ಹೋದದ್ದು ಪೂರ್ತಿ ವಾಪಸ್ಸು ಬರುವುದಿಲ್ಲ, ಮೂರನೆಯದು ಬರದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದರು. ಗಾಜಣ್ಣ ಮನೆಗೆ ಬಂದವನೇ ಎರಡು ದಿನ ವರಾಂಡದಲ್ಲಿ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಿದ. ಮೂರನೆಯ ದಿನ ಅಳತೆಪಟ್ಟಿ ತೆಗೆದುಕೊಂಡು ವರಾಂಡ ಅಳೆಯತೊಡಗಿದ.

ಅವನ ಲೆಕ್ಕ ಹೀಗಿತ್ತು. ಮಗಳಿಗೆ ಬಿಸಿಲು ಬೇಕು. ಹೊರಗೆ ಬಿಸಿಲಿದೆ, ಆದರೆ ಬೀದಿಯ ಧೂಳೂ ಇದೆ, ಲಾರಿಗಳ ಹೊಗೆಯೂ ಇದೆ. ಬಿಸಿಲು ಒಳಗೆ ಬಂದು ಧೂಳು ಹೊರಗೇ ನಿಲ್ಲಬೇಕು. ಅದು ಅವನ ಕೈಯಲ್ಲೇ ಇದ್ದ ಕೆಲಸ. ಒಂದು ವಾರದಲ್ಲಿ ವರಾಂಡಕ್ಕೆ ನೆಲದಿಂದ ಸೂರಿನವರೆಗೆ ಗಾಜು ಕೂರಿಸಿ ಕೋಣೆ ಮಾಡಿದ. ಒಂದು ಗೀರಿಲ್ಲ, ಒಂದು ಗುಳ್ಳೆಯಿಲ್ಲ. ಗಾಜು ಇದೆಯೋ ಇಲ್ಲವೋ ತಿಳಿಯದೆ ಇಸ್ತ್ರಿ ಅಂಗಡಿಯಾಕೆ ಹಣೆ ಹೊಡೆಸಿಕೊಂಡಳು. ಅವನು ಅದನ್ನೂ ಹೊಗಳಿಕೆಯೆಂದೇ ತಿಳಿದ. ದಿನವೂ ಶಾಲೆಗೆ ಹೋಗುವ ಮೊದಲು ಒಂದು ಗಂಟೆ ಬೆರ್ಕಿ ಅಲ್ಲಿ ಕೂರುತ್ತಿದ್ದಳು. ಬೇಸರವಾದಾಗ ಗಾಜಿನ ಮೇಲೆ ಉಸಿರು ಬಿಟ್ಟು, ಮಂಜಾದಲ್ಲಿ ಬೆರಳಿನಿಂದ ಅಪ್ಪನ ಮೂಗು ಬರೆಯುತ್ತಿದ್ದಳು. ಅವನು ಬಂದು ಒರೆಸುತ್ತಿದ್ದ.

ಇಷ್ಟಾದ ಮೇಲೆ ಬಿಸಿಲಿನ ಗುಳಿಗೆ ಯಾಕೆ ಎಂದು ಅವನಿಗೆ ಅನ್ನಿಸಿತು. ಬಿಸಿಲೇ ಸಿಗುವಾಗ ಬಿಸಿಲಿನ ಗುಳಿಗೆ ನುಂಗಿಸುವುದು, ಮಳೆ ಸುರಿಯುವಾಗ ಗಿಡಕ್ಕೆ ನೀರು ಹೊತ್ತಂತೆ. ಅವನು ಬಚ್ಚಿಡಲಿಲ್ಲ, ಸುಳ್ಳೂ ಹೇಳಲಿಲ್ಲ. ಡಬ್ಬಿಯನ್ನು ಮೇಲಿನ ಹಲಗೆಗೆ ಸರಿಸಿಟ್ಟ, ಅಷ್ಟೆ.

ಅಮ್ಮ ಬೆಳಗ್ಗೆ ಮನೆಯಲ್ಲಿರುತ್ತಿರಲಿಲ್ಲ, ಔಷಧ ತಂದು ಕೊಡುವುದೆಲ್ಲ ಗಾಜಣ್ಣನೇ. ಅದಕ್ಕೇ ಮಧ್ಯಾಹ್ನ ಬಂದ ತಕ್ಷಣ ತಪ್ಪದೆ ಕೇಳುತ್ತಿದ್ದಳು.

"ರೀ, ಅವಳಿಗೆ ಬಿಸಿಲು ಆಯ್ತಾ?"

"ಆಯ್ತು."

ಅವಳು ಕೇಳಿದ್ದು ಗುಳಿಗೆ. ಅವನು ಹೇಳಿದ್ದು ಗಾಜಿನ ಕೋಣೆಯ ಬಿಸಿಲು. ನಾಲ್ಕು ತಿಂಗಳು ಹೀಗೇ ನಡೆಯಿತು. ಅವಳು ಕೇಳಿದ್ದೂ ಸರಿ, ಅವನು ಹೇಳಿದ್ದೂ ಸರಿ, ಮಗಳ ಹೊಟ್ಟೆಗೆ ಮಾತ್ರ ಗುಳಿಗೆ ಹೋಗಲಿಲ್ಲ.

ಇದರ ಜೊತೆಗೆ ಇನ್ನೊಂದು. ಜಿಡ್ಡು ತಿಂದರೆ ಕಫ ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದು ಗಾಜಣ್ಣನ ತಲೆಯಲ್ಲಿ ಕೂತಿತ್ತು. ಅವನ ಕಸುಬಿನಲ್ಲಿ ಜಿಡ್ಡಿನಷ್ಟು ದೊಡ್ಡ ಶತ್ರು ಇಲ್ಲ. ಗಾಜಿನಂಚಿನಲ್ಲಿ ಬೆರಳಿನ ಜಿಡ್ಡು ಉಳಿದರೂ ಗಮ್ಮು ಹಿಡಿಯುವುದಿಲ್ಲ. ಹಾಗಾಗಿ ಮಗಳ ತಿಂಡಿಯಿಂದ ಬೆಣ್ಣೆ ಹೋಯಿತು, ಮೊಟ್ಟೆ ಹೋಯಿತು, ಹಾಲಿನ ಕೆನೆ ಹೋಯಿತು. ಒಣ ಬ್ರೆಡ್ಡು, ನೀರು ಬೆರೆಸಿದ ಹಾಲು ಉಳಿಯಿತು. ಅವನು ಎಷ್ಟು ಪ್ರೀತಿಯಿಂದ ಇದನ್ನು ಮಾಡಿದನೆಂದರೆ, ತಾನೂ ಅದನ್ನೇ ತಿಂದ.

ನಾಲ್ಕು ತಿಂಗಳ ತಪಾಸಣೆಗೆ ಅಮ್ಮ ಮಗಳನ್ನು ಕರೆದುಕೊಂಡು ಹೋದಳು. ಊದುವ ಪರೀಕ್ಷೆ ಮಾಡಿದರು. ಕೊಳವೆಗೆ ಬಾಯಿಟ್ಟು ಒಂದೇ ಉಸಿರಿಗೆ ಊದಿದರೆ, ಆ ವಯಸ್ಸಿನ ಮಗು ಊದಬೇಕಾದದ್ದರಲ್ಲಿ ನೂರಕ್ಕೆ ಎಷ್ಟು ಎಂದು ಯಂತ್ರ ಹೇಳುತ್ತದೆ. ಮೊದಲು ಎಂಬತ್ತಾರು ಇದ್ದದ್ದು ಎಪ್ಪತ್ತನಾಲ್ಕಕ್ಕೆ ಇಳಿದಿತ್ತು. ತೂಕ ಒಂದೂವರೆ ಕಿಲೋ ಕಡಿಮೆಯಾಗಿತ್ತು. ರಕ್ತದಲ್ಲಿ ವಿಟಮಿನ್ ಡಿ ಮೂವತ್ತಾದರೂ ಇರಬೇಕು. ಹೋದ ಸಲ ಮೂವತ್ತೊಂದಿತ್ತು, ಈಗ ಹದಿನಾಲ್ಕು.

ಗುಳಿಗೆ ಕೊಡುತ್ತಿದ್ದೀರಾ ಎಂದು ಸಿಸ್ಟರ್ ಕೇಳಿದಳು. ಒಂದು ದಿನವೂ ತಪ್ಪಿಲ್ಲ ಎಂದಳು ಅಮ್ಮ. ಪಕ್ಕದಲ್ಲಿ ಕೂತ ಬೆರ್ಕಿ ಕಾಲು ಆಡಿಸುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಅವಳನ್ನು ಯಾರೂ ಕೇಳಲಿಲ್ಲ.

ದಿನವೂ ಕೊಟ್ಟರೂ ಇಷ್ಟು ಕಡಿಮೆಯೆಂದರೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ ಎಂದು ಡಾಕ್ಟರು ಪೆನ್ನು ತೆಗೆದರು, ಮತ್ತೆ ಕೆಳಗಿಟ್ಟರು. ಈ ವಿಟಮಿನ್ ಅತಿಯಾದರೂ ಕಷ್ಟವೇ, ಮೈಯಲ್ಲಿ ಉಳಿದು ಮೂತ್ರಪಿಂಡಕ್ಕೆ ತೊಂದರೆ ಮಾಡುತ್ತದೆ. ಮೊದಲು ಮನೆಯಲ್ಲಿ ಹೇಗೆ ಕೊಡುತ್ತಾರೆ ಎಂದು ಒಬ್ಬರು ಕಣ್ಣಾರೆ ನೋಡಿ ಬರಲಿ ಎಂದರು. ಆ ಒಬ್ಬರು ಎಂದರೆ ಸಿಸ್ಟರೇ. ಬೇರೆ ಯಾರೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಎಂಟೂವರೆಗೆ ಸಿಸ್ಟರ್ ಬರುತ್ತಾಳೆಂದು ಅಮ್ಮ ಅವತ್ತೊಂದು ದಿನ ಬೇಕರಿಗೆ ರಜೆ ಹಾಕಿದ್ದಳು. ಗಾಜಣ್ಣ ಮಾಮೂಲಿನಂತೆ ಮಗಳಿಗೆ ಒಣ ಬ್ರೆಡ್ಡು ಕೊಟ್ಟು, ಊಟದ ಗುಳಿಗೆ ನುಂಗಿಸಿ, ಗಾಜಿನ ಕೋಣೆಯಲ್ಲಿ ಕೂರಿಸಿದ್ದ. ಸಿಸ್ಟರ್ ಬಂದದ್ದು ಅವನಿಗೆ ಸಂತೋಷವೇ ಆಯಿತು. ಕೋಣೆ ತೋರಿಸಲು ತಿಳಿದವರೊಬ್ಬರು ಬೇಕಿತ್ತು.

ಬಿಸಿಲಿನ ಗುಳಿಗೆ ಯಾವಾಗ ಕೊಡುತ್ತೀರಿ ಎಂದು ಅವಳು ಕೇಳಿದಳು.

"ಗುಳಿಗೆ ಯಾಕೆ ಸಿಸ್ಟರ್? ಅಸಲಿ ಮಾಲೇ ಇಲ್ಲಿದೆಯಲ್ಲ," ಎಂದು ಅವನು ಗಾಜಿನ ಕಡೆ ಕೈ ತೋರಿಸಿದ.

ಒಳಗಿನಿಂದ ಹಾಲಿನ ಲೋಟ ಹಿಡಿದು ಬರುತ್ತಿದ್ದ ಅಮ್ಮ ಬಾಗಿಲಲ್ಲೇ ನಿಂತಳು.

"ದಿನಾ ಕೇಳ್ತಿದ್ನಲ್ಲ ನಾನು. ಬಿಸಿಲು ಆಯ್ತಾ, ಬಿಸಿಲು ಆಯ್ತಾ ಅಂತ. ಆಯ್ತು ಅಂದ್ರಲ್ಲ."

"ಆಗಿತ್ತಲ್ಲ. ಒಂದು ಗಂಟೆ ಕೂರಿಸ್ತಿದ್ದೆ."

ಅಮ್ಮ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. ಕೈಯಲ್ಲಿ ಇಟ್ಟುಕೊಂಡಿದ್ದರೆ ಎಸೆದುಬಿಡುತ್ತಿದ್ದಳೇನೋ. ಹಲಗೆಯ ಮೇಲಿಂದ ಡಬ್ಬಿ ಇಳಿಸಿ ಅಲ್ಲಾಡಿಸಿದಳು. ತುಂಬಿದ ಡಬ್ಬಿಯ ಸದ್ದು ಬಂತು. ನಾಲ್ಕು ತಿಂಗಳು ತಾನು ಕೇಳಿದ ಪ್ರಶ್ನೆ ನೆನೆದು ಅವಳಿಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಮಗಳ ಮೇಲೆ ತಿರುಗಿದಳು. ನನ್ನನ್ನು ಯಾರು ಕೇಳಿದರು ಎಂದಳು ಬೆರ್ಕಿ.

ಸಿಸ್ಟರ್ ತಲೆಯ ಮೇಲೆ ಕೈ ಹೊತ್ತು ಕುರ್ಚಿಯಲ್ಲಿ ಕುಸಿದಳು. ಈ ಮನೆಗೆ ಇದೆಲ್ಲವನ್ನೂ ನಾಲ್ಕು ಸಲ ಹೇಳಿದ್ದಳು, ಒಂದು ಸಲ ಹಾಳೆಯಲ್ಲಿ ಬರೆದೂ ಕೊಟ್ಟಿದ್ದಳು. ಆದರೆ ಬೈಯಲು ಬಾಯಿ ತೆರೆದಾಗ ಅವಳಿಗೆ ಹೊಳೆದದ್ದು ಬೇರೆ.

"ಆ ಹೆಸರು ಇಟ್ಟೋಳು ನಾನೇ. ನನ್ನ ಬಾಯಿಗೆ ಬೀಗ ಹಾಕ್ಬೇಕಿತ್ತು."

ಮತ್ತೆ ಐದನೆಯ ಸಲ ಹೇಳತೊಡಗಿದಳು. ಬಿಸಿಲು ಎಂದರೆ ಒಂದೇ ವಸ್ತುವಲ್ಲ. ಅದರಲ್ಲಿ ಬೆಳಕಿದೆ, ಬಿಸಿಯಿದೆ, ಕಣ್ಣಿಗೆ ಕಾಣದ ಕಿರಣಗಳೂ ಇವೆ. ಆ ಕಾಣದ ಕಿರಣಗಳಲ್ಲಿ ಒಂದು ಬಗೆಯದು ಚರ್ಮಕ್ಕೆ ತಾಗಿದಾಗ ಮೈ ವಿಟಮಿನ್ ಡಿ ಮಾಡಿಕೊಳ್ಳುತ್ತದೆ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನು ಬಿಡುತ್ತದೆ, ಆ ಕಿರಣವನ್ನು ಮಾತ್ರ ಬಹುಮಟ್ಟಿಗೆ ತಡೆದುಬಿಡುತ್ತದೆ.

ಗಾಜಣ್ಣನಿಗೆ ಮಗಳ ವಿಷಯ ಮರೆತು ಗಾಜಿನ ಮಾನ ಮುಖ್ಯವಾಯಿತು. ಇದು ಒಂದನೇ ದರ್ಜೆ ಮಾಲು, ಇದರಾಚೆ ನಿಂತವರ ಅಂಗಿಯ ಗುಂಡಿ ಎಣಿಸಬಹುದು, ಇದು ಏನನ್ನೂ ತಡೆಯುವುದಿಲ್ಲ ಎಂದ. ಗಾಜು ಎಷ್ಟು ಒಳ್ಳೆಯದಾದರೂ ಅಷ್ಟೇ ಎಂದಳು ಸಿಸ್ಟರ್. ಹಾಗಾದರೆ ರಕ್ತ ಪರೀಕ್ಷೆಯಲ್ಲೇ ತಪ್ಪಾಗಿರಬೇಕು, ಅಳತೆ ಮತ್ತೆ ತೆಗೆಯಲಿ ಎಂದ. ಅಳತೆ ಎರಡು ಸಲ ತೆಗೆದದ್ದಾಗಿದೆ ಎಂದು ಅವಳು ಎರಡೂ ಚೀಟಿ ಮುಂದಿಟ್ಟಳು. ಅಳತೆಯ ವಿಷಯದಲ್ಲಿ ಅವನು ಮೊಂಡು ಹಿಡಿಯುವವನಲ್ಲ. ಹದಿನಾಲ್ಕು, ಹದಿನಾಲ್ಕು ಎಂದು ಓದಿಕೊಂಡ. ಆಮೇಲೆ, ಹಾಗಾದರೆ ಗಾಜು ತೆಗೆದುಬಿಡುತ್ತೇನೆ, ಬಿಸಿಲಿನಲ್ಲೇ ಕೂರಲಿ, ಗುಳಿಗೆಯ ಹಂಗು ಬೇಡ ಎಂದ.

ಸಿಸ್ಟರಿಗೆ ರೇಗಿತು. ಬೇರೆ ಮಕ್ಕಳಿಗೆ ಬಿಸಿಲು ಸಾಲಬಹುದು, ಈ ಕಾಯಿಲೆಯ ಮಕ್ಕಳಿಗೆ ಸಾಮಾನ್ಯವಾಗಿ ಅದೊಂದೇ ಸಾಲುವುದಿಲ್ಲ, ಊಟದಿಂದ ಬರಬೇಕಾದದ್ದು ಸೋರಿ ಹೋಗುತ್ತಿರುತ್ತದೆ, ಹೊರಗೆ ಆಡಲಿ, ಆದರೆ ಗುಳಿಗೆ ಬೇಕೇ ಬೇಕು ಎಂದಳು. ಆಮೇಲೆ ತಟ್ಟೆಯಲ್ಲಿದ್ದ ಒಣ ಬ್ರೆಡ್ಡು ನೋಡಿದಳು. ಬೆಣ್ಣೆ ಎಲ್ಲಿ ಎಂದಳು.

"ಜಿಡ್ಡಿದ್ರೆ ಏನೂ ಹಿಡಿಯಲ್ಲ ಸಿಸ್ಟರ್. ನನ್ ಕಸುಬಿನ ಮೊದಲ ಪಾಠ ಅದು."

ಕಫ ಹೆಚ್ಚುವುದು ಜಿಡ್ಡಿನಿಂದಲ್ಲ, ಈ ಮಕ್ಕಳಿಗೆ ಬೇರೆಯವರಿಗಿಂತ ಹೆಚ್ಚು ಜಿಡ್ಡು ಬೇಕು, ಅದನ್ನು ಕರಗಿಸಲೆಂದೇ ಊಟದ ಗುಳಿಗೆ ಇರುವುದು, ಆ ಜಿಡ್ಡಿನ ಬೆನ್ನೇರಿ ವಿಟಮಿನ್ ಡಿ ಮೈಗೆ ಇಳಿಯುತ್ತದೆ ಎಂದು ಅವಳು ಹೇಳಿದಳು. ಒಣ ಬ್ರೆಡ್ಡಿನ ಜೊತೆ ಗುಳಿಗೆ ಕೊಟ್ಟಿದ್ದರೂ ಅರ್ಧ ಮೈಗೆ ಸೇರದೆ ಹೊರಗೆ ಹೋಗುತ್ತಿತ್ತು ಎಂದಳು. ಗಾಜಣ್ಣ ತಲೆಯಾಡಿಸಿದ. ಅದು ಒಪ್ಪಿದ ತಲೆಯಾಟವಲ್ಲ, ಗಿರಾಕಿಗೆ ಆಡಿಸುವ ತಲೆಯಾಟ.

ಇನ್ನು ನನ್ನ ಕೈಲಾಗುವುದಿಲ್ಲ ಎಂದು ಸಿಸ್ಟರ್ ಎದ್ದಳು. ಕೊನೆಗೆ ಆ ಹಾಳೆಯಾದರೂ ತೆಗೆಯಿರಿ, ಅದರಲ್ಲೇ ಗುರುತು ಮಾಡಿ ಹೋಗುತ್ತೇನೆ ಎಂದಳು. ಗಾಜಣ್ಣ ಕುತ್ತಿಗೆ ಕೆರೆದುಕೊಂಡ. ಹಾಳೆ ಇರಲಿಲ್ಲ. ಮಾರಿದ ಎರಡು ಕನ್ನಡಿಗಳು ಒಂದಕ್ಕೊಂದು ಉಜ್ಜದಿರಲೆಂದು ನಡುವೆ ಇಟ್ಟ ಕಾಗದಗಳ ಜೊತೆ ಅದೂ ಯಾವುದೋ ಕ್ಷೌರದಂಗಡಿಗೆ ಹೋಗಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡಳು.

"ಸರಿ, ನಿಮ್ಮ ಗಾಜಿನ ಮೇಲೇ ಬರೀತೀನಿ. ಅದನ್ನಂತೂ ಯಾರಿಗೂ ಕೊಟ್ಟುಬಿಡಲ್ವಲ್ಲ," ಎಂದು ಸಿಸ್ಟರ್ ತನ್ನ ಪೆನ್ನು ತೆಗೆದು ಗಾಜಿನ ಮೇಲೆ ಒತ್ತಿ ಬರೆಯಹೋದಳು. ಪೆನ್ನು ಜಾರಿತು. ಇನ್ನೊಮ್ಮೆ ಒತ್ತಿದಳು. ಒಂದು ಗೆರೆಯೂ ಮೂಡಲಿಲ್ಲ.

ಗಾಜಣ್ಣನಿಗೆ ತಡೆಯಲಾಗಲಿಲ್ಲ. ಕಿವಿಯ ಸಂದಿಯಿಂದ ಗುರುತು ಹಾಕುವ ಮೇಣದ ಪೆನ್ಸಿಲ್ ತೆಗೆದು ಮುಂದೆ ಹಿಡಿದ.

"ಅದು ನಡೆಯಲ್ಲ ಸಿಸ್ಟರ್. ಇದನ್ನ ತಗೊಳ್ಳಿ, ಇದ್ರಲ್ಲಿ ಜಿಡ್ಡಿರುತ್ತೆ. ಜಿಡ್ಡಿದ್ರೇನೇ ಗಾಜು ಹಿಡ್ಕೊಳ್ಳೋದು, ಇಲ್ದಿದ್ರೆ ಎಲ್ಲಾ ಜಾರಿ ಹೋಗುತ್ತೆ."

ಹೊರಗೆ ಒಂದು ಲಾರಿ ಹೋಯಿತು, ಗಾಜು ಸಣ್ಣಗೆ ನಡುಗಿತು.

"ಅಪ್ಪಾ, ಈಗೇನಂದೆ, ಇನ್ನೊಂದ್ಸಲ ಹೇಳು," ಎಂದಳು ಬೆರ್ಕಿ.

ಪೆನ್ಸಿಲ್ ಹಿಡಿದ ಅವನ ಕೈ ಚಾಚಿದಂತೆಯೇ ಇತ್ತು. ನಗಲು ಹೋದ ಬೆರ್ಕಿಗೆ ಕೆಮ್ಮು ಹತ್ತಿಕೊಂಡಿತು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು, ಅಮ್ಮ ಬೆನ್ನು ತಟ್ಟುತ್ತ ನಿಂತಳು. ಅಷ್ಟು ಹೊತ್ತೂ ಗಾಜಣ್ಣ ಮಗಳ ಹೆಗಲಿನ ಮೂಳೆಗಳನ್ನು ನೋಡುತ್ತಿದ್ದ. ನಾಲ್ಕು ತಿಂಗಳ ಹಿಂದೆ ಅವು ಹೀಗೆ ಎದ್ದು ಕಾಣುತ್ತಿರಲಿಲ್ಲ. ಕೆಮ್ಮು ಇಳಿದ ಮೇಲೆ ಅವನು ಒಳಗೆ ಹೋಗಿ ಬೆಣ್ಣೆಯ ಡಬ್ಬಿ ತಂದು ಬ್ರೆಡ್ಡಿಗೆ ಸವರಿದ. ಗಮ್ಮು ಹಚ್ಚುವವನ ಹಾಗೆ, ಒಂದು ಮೂಲೆಯೂ ಬಿಡದಂತೆ, ಅಂಚಿನಿಂದ ಅಂಚಿಗೆ.

"ಸಿಸ್ಟರ್, ನೀವು ಹೇಳಿ. ನಾನೇ ಬರೀತೀನಿ," ಎಂದ.

ಅವಳು ಹೇಳಿದಳು, ಅವನು ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ. ಮೊದಲ ತುತ್ತಿಗೆ ಊಟದ ಗುಳಿಗೆ. ತಿಂಡಿಯಲ್ಲಿ ಬೆಣ್ಣೆ, ಮೊಟ್ಟೆ, ಕಡಲೆಬೀಜ, ಕೆನೆಹಾಲು, ಯಾವುದಾದರೂ ಒಂದು ಇರಲೇಬೇಕು. ಅದರ ಜೊತೆಗೇ ವಿಟಮಿನ್ ಡಿ. ಬೆನ್ನು ತಟ್ಟುವುದು, ಹಬೆ ಔಷಧ ಎಂದಿನಂತೆ. ತಪ್ಪಿದ ದಿನಗಳ ಗುಳಿಗೆಗಳನ್ನು ಒಟ್ಟಿಗೆ ನುಂಗಿಸುವಂತಿಲ್ಲ. ಪ್ರಮಾಣ ಡಾಕ್ಟರು ಬರೆದಷ್ಟೇ. ಕೊನೆಯಲ್ಲಿ ಬೆರ್ಕಿ ಒಂದು ತಿದ್ದುಪಡಿ ಮಾಡಿದಳು. ಬಿಸಿಲಿನ ಗುಳಿಗೆ ಎಂಬ ಹೆಸರು ಇನ್ನು ಮನೆಯಲ್ಲಿ ಯಾರೂ ಹೇಳಕೂಡದು, ಅದರ ಹೆಸರು ಜಿಡ್ಡಿನ ಗುಳಿಗೆ. ಸಿಸ್ಟರ್ ಮೊದಲು ಕೈ ಎತ್ತಿ ಒಪ್ಪಿದಳು.

ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಈ ಸಲ ಗಾಜಣ್ಣನೂ ಅಂಗಡಿ ಮುಚ್ಚಿ ಹೋದ. ವಿಟಮಿನ್ ಡಿ ಇಪ್ಪತ್ತೊಂಬತ್ತು. ಇನ್ನೊಂದು ಬೇಕಿತ್ತಲ್ಲ ಎಂದು ಅವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ, ಹಿಂಬದಿಯಲ್ಲಿ ಸಿಕ್ಕೀತೇನೋ ಎಂಬಂತೆ. ಕಳೆದುಕೊಂಡ ತೂಕ ಮರಳಿತ್ತು. ಊದುವ ಪರೀಕ್ಷೆಯಲ್ಲಿ ಎಪ್ಪತ್ತೊಂಬತ್ತು. ಮೂರನೆಯ ಸೋಂಕು ಬಂದಿರಲಿಲ್ಲ. ಎಲ್ಲ ಆ ಗುಳಿಗೆಯ ಮಹಿಮೆ ಎಂದು ಅವನು ಅಲ್ಲೇ ಪಕ್ಕದ ಬೆಂಚಿನವರಿಗೆ ಹೇಳಲು ಶುರುಮಾಡಿದಾಗ ಸಿಸ್ಟರ್ ತಡೆದಳು. ಹಾಗೆ ಹೇಳಬೇಡಿ, ಊಟ, ಕಫ ತೆಗೆಯುವುದು, ಔಷಧ ಎಲ್ಲ ಸೇರಿ ಆದದ್ದು ಇದು, ಒಂದಕ್ಕೇ ಹಾರ ಹಾಕಿದರೆ ಉಳಿದವನ್ನು ಜನ ಬಿಟ್ಟುಬಿಡುತ್ತಾರೆ ಎಂದಳು. ಅವಳ ದನಿಯಲ್ಲಿ ಆರನೆಯ ಸಲ ಹೇಳುವವರ ಸುಸ್ತಿತ್ತು.

ಗಾಜಿನ ಕೋಣೆ ಈಗಲೂ ಇದೆ. ಒಂದು ಗಾಜನ್ನು ಮಾತ್ರ ಅವನು ಕಳಚಿ, ತೆರೆದು ಮುಚ್ಚುವ ಬಾಗಿಲು ಮಾಡಿದ್ದಾನೆ. ಧೂಳಿಲ್ಲದ ಹೊತ್ತಿನಲ್ಲಿ ಬೆರ್ಕಿ ಅದನ್ನು ತೆರೆದು ಹೊರಗೆ ಆಡಲು ಹೋಗುತ್ತಾಳೆ. ಗಾಜಿನ ಮೇಲೆ ಅವಳು ಉಸಿರು ಬಿಟ್ಟು ಬರೆದದ್ದನ್ನು ಅಪ್ಪ ಈಗ ಒರೆಸುವುದಿಲ್ಲ. ಆ ಮಂಜಿನ ವೃತ್ತ ಎಷ್ಟು ಅಗಲ ಬಂತು ಎಂದು, ಯಾರೂ ನೋಡದಿದ್ದಾಗ, ಅಳತೆಪಟ್ಟಿ ಹಿಡಿದು ನೋಡುತ್ತಾನೆ.

ಓದುತ್ತಿರುವವರೇ, ಕೇಳುತ್ತಿರುವವರೇ, ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳಲ್ಲಿ ವಿಟಮಿನ್ ಡಿ ಕಡಿಮೆಯಿದ್ದಾಗ ಎದೆಯ ಸೋಂಕು ಹೆಚ್ಚು, ಊದುವ ಶಕ್ತಿ ಕಡಿಮೆ ಎಂದು ಹಲವು ಕಡೆ ಕಂಡುಬಂದಿದೆ. ಅದನ್ನು ಕೊಟ್ಟ ಮಾತ್ರಕ್ಕೆ ಶ್ವಾಸಕೋಶ ಸುಧಾರಿಸುತ್ತದೆ ಎಂಬುದು ಇನ್ನೂ ಖಚಿತವಾಗಿಲ್ಲ. ಇಲ್ಲದ್ದನ್ನು ಇದೆ ಎಂದು ಹೇಳಿ ನಿಮ್ಮನ್ನು ಒಪ್ಪಿಸುವುದು ಸರಿಯಲ್ಲ. ಆದರೆ ಮೂಳೆ ಗಟ್ಟಿಯಾಗಿರಲು, ಮೈಗೆ ಕಾಯಿಲೆ ತಡೆಯುವ ಬಲವಿರಲು ಅದು ಬೇಕು, ಈ ಮಕ್ಕಳಲ್ಲಿ ಅದು ಸೋರಿ ಹೋಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ವರ್ಷಕ್ಕೆ ಒಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿ. ಪ್ರಮಾಣವನ್ನು ನೀವೇ ಏರಿಸಬೇಡಿ, ನೀವೇ ನಿಲ್ಲಿಸಬೇಡಿ.

ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿರಬಹುದು. ಆದರೆ ತಿಂಗಳುಗಟ್ಟಲೆ ಕೆಮ್ಮು ಬಿಡದ, ಎಷ್ಟು ತಿಂದರೂ ಮೈ ಹತ್ತದ, ಮಲ ಜಿಡ್ಡುಜಿಡ್ಡಾಗಿ ಹೋಗುವ, ಮುತ್ತಿಟ್ಟರೆ ಕೆನ್ನೆ ವಿಪರೀತ ಉಪ್ಪೆನ್ನಿಸುವ ಮಗು ಕಂಡರೆ, ಸಲಹೆ ಕೊಟ್ಟು ಬಸ್ಸು ಹತ್ತಬೇಡಿ. ಉಪ್ಪು ಅಳೆಯುವ ಬೆವರಿನ ಪರೀಕ್ಷೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಲು ಹೇಳಿ.

ಮನೆಯಲ್ಲಿ ಮಗುವಿಗೆ ಔಷಧ ನಡೆಯುತ್ತಿದ್ದರೆ, ಇವತ್ತು ಸಂಜೆ ಬರೀ "ಆಯ್ತಾ?" ಎಂದು ಕೇಳಬೇಡಿ. ಏನು ಆಯ್ತು, ಯಾವುದರ ಜೊತೆ ಆಯ್ತು ಎಂದು ಕೇಳಿ. ಡಬ್ಬಿ ಇಳಿಸಿ ಅಲ್ಲಾಡಿಸಿ ನೋಡಿ. ಆಮೇಲೆ ಮಗುವನ್ನೂ ಒಂದು ಮಾತು ಕೇಳಿ. ಅದಕ್ಕೆ ಎಲ್ಲ ಗೊತ್ತಿರುತ್ತದೆ.